ಬೆಳೆಗಾರರ ಕೂಟಕ್ಕೆ ಯಾವ ಕಾಯ್ದೆ?

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಬಾಳೆ ಮತ್ತು ಭತ್ತದ ಬೆಳೆಗಾರರು ಗುಂಪು ಕಟ್ಟಿದಾಗ ಅದನ್ನು ನೋಂದಾಯಿಸಿಕೊಡುವುದು, ಲೆಕ್ಕ ಬರೆಯಲು ಕಲಿಸುವುದು ನನ್ನ ಕೆಲಸ. ಈಚೆಗೆ ಆ ಮನೆಗಳ ಮಕ್ಕಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರು, ಹೊಸ ಮಾತು ತರುತ್ತಿದ್ದಾರೆ: “ಅಣ್ಣ, ಅಧ್ಯಕ್ಷ, ಕಾರ್ಯದರ್ಶಿ ಯಾರೂ ಬೇಡ. ಬ್ಲಾಕ್‌ಚೈನ್ ಮೇಲೆ ಎಲ್ಲರೂ ಮತ ಹಾಕಲಿ, ನಿಯಮ ತಾನಾಗಿ ಜಾರಿಯಾಗಲಿ.” ಬ್ಲಾಕ್‌ಚೈನ್ ಎಂದರೆ ಹಲವು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಉಳಿಯುವ, ಅಳಿಸಲಾಗದ ಲೆಕ್ಕದ ಪುಸ್ತಕ. ಅವರ ಸಿಟ್ಟು ನ್ಯಾಯವಾದದ್ದೇ. ನಾಲ್ಕು ಮನೆಗಳ ಹಿಡಿತಕ್ಕೆ ಸಿಕ್ಕಿ ಸೊರಗಿದ ಸಂಘಗಳನ್ನು ಅವರೂ ಕಂಡಿದ್ದಾರೆ, ನಾನೂ ಕಂಡಿದ್ದೇನೆ. ಅಧಿಕಾರ ನಿಜವಾಗಿ ಸದಸ್ಯರ ಕೈಯಲ್ಲೇ ಉಳಿಯಬೇಕೆಂದರೆ ತಂತ್ರಾಂಶಕ್ಕೆ ಕೈಹಾಕುವ ಮುಂಚೆ ಕಾಯ್ದೆಯನ್ನು ಆರಿಸಬೇಕು. ಆರಿಸುವಾಗ ನಾನು ಕಲಿತದ್ದು ಇಷ್ಟು.

1. ನೋಂದಣಿ ಇಲ್ಲದಿದ್ದರೆ ಸಾಲ ಎಲ್ಲರ ತಲೆಗೆ

ಒಡೆಯನಿಲ್ಲದ ಕೂಟವೆಂದರೆ ಹೊಣೆಯಿಲ್ಲದ ಕೂಟ ಎಂದು ಹುಡುಗರು ತಿಳಿದಿದ್ದಾರೆ. ಕಾನೂನು ಹಾಗೆ ನೋಡುವುದಿಲ್ಲ. 2013ರ ಕಂಪನಿ ಕಾಯ್ದೆಯ 464ನೇ ಸೆಕ್ಷನ್ ಮತ್ತು ಅದರ ನಿಯಮಗಳ ಪ್ರಕಾರ 50ಕ್ಕಿಂತ ಹೆಚ್ಚು ಜನ ನೋಂದಣಿಯಿಲ್ಲದೆ ಲಾಭದ ವ್ಯಾಪಾರ ಮಾಡುವಂತಿಲ್ಲ. ಮಾಡಿದರೆ ಪ್ರತಿ ಸದಸ್ಯನಿಗೂ ಒಂದು ಲಕ್ಷದವರೆಗೆ ದಂಡ. ವ್ಯಾಪಾರದ ಸಾಲಕ್ಕೆಲ್ಲ ಅವನೇ ವೈಯಕ್ತಿಕ ಹೊಣೆ. ಸಣ್ಣ ಗುಂಪಾದರೆ ಅದನ್ನು ಪಾಲುದಾರಿಕೆಯೆಂದು ಹಿಡಿಯಬಹುದು, ಆಗಲೂ ಇಡೀ ಸಾಲವನ್ನು ಒಬ್ಬನ ಹೊಲದ ಮೇಲೆ ವಸೂಲಿಗೆ ತರಬಹುದು.

ಅಮೆರಿಕದಲ್ಲೂ ಇದೇ ಕಥೆ. ಓಕಿ ಡಾವೊ ಎಂಬ ಬ್ಲಾಕ್‌ಚೈನ್ ಕೂಟ “ನಮಗೆ ಕಚೇರಿಯಿಲ್ಲ, ಮುಖ್ಯಸ್ಥರಿಲ್ಲ” ಎಂದುಕೊಂಡೇ ನಡೆಯಿತು. 2023ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಅದನ್ನೂ ಕಾನೂನಿನ ಕಣ್ಣಿನ ‘ವ್ಯಕ್ತಿ’ಯೆಂದೇ ಪರಿಗಣಿಸಿ ಆರು ಲಕ್ಷ ಡಾಲರಿಗೂ ಮೀರಿದ ದಂಡ ಹಾಕಿತು.

2. ಪ್ರತಿಷ್ಠಾನಕ್ಕೆ ಸದಸ್ಯರಿರುವುದಿಲ್ಲ

ಇಥೀರಿಯಂ ಎಂಬ ಬ್ಲಾಕ್‌ಚೈನ್ ಕಟ್ಟಿದವರು 2014ರಲ್ಲಿ ಸ್ವಿಟ್ಜರ್ಲೆಂಡಿನ ಝುಗ್‌ನಲ್ಲಿ ಪ್ರತಿಷ್ಠಾನ ಸ್ಥಾಪಿಸಿದರು. ಯಾರ ಸೊತ್ತೂ ಅಲ್ಲದ ತಂತ್ರಾಂಶವನ್ನು ಕಾಪಾಡಲು ಆ ರೂಪ ಒಪ್ಪುತ್ತದೆ: ಷೇರುದಾರರಿಲ್ಲ, ಬರೆದಿಟ್ಟ ಉದ್ದೇಶ ಮತ್ತು ಅದನ್ನು ಕಾಯುವ ಮಂಡಳಿ ಮಾತ್ರ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಟ್ರಸ್ಟ್. ಟ್ರಸ್ಟಿಗಳು ತೀರ್ಮಾನಿಸುತ್ತಾರೆ, ಫಲಾನುಭವಿಗೆ ಮತವಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ಮಾಡಬಹುದು, ಸದಸ್ಯರಿಗೆ ಮತವೂ ಇದೆ, ಆದರೆ ಲಾಭ ಹಂಚುವಂತಿಲ್ಲ. ನಂಜನಗೂಡಿನ ರಸಬಾಳೆ ತಳಿಯ ರೋಗವಿಲ್ಲದ ಕಂದು ಉಳಿಸಲು, ತರಬೇತಿ ಕೊಡಲು ಇವೆರಡೂ ಸರಿ. ಗೊನೆ ಮಾರಿ ದುಡ್ಡು ಹಂಚುವ ಕೆಲಸಕ್ಕೆ ಒಗ್ಗುವುದಿಲ್ಲ.

3. ಹುಡುಗರು ಕೇಳುತ್ತಿರುವುದು ಕಾಯ್ದೆಯಲ್ಲೇ ಇದೆ

ಸಹಕಾರಕ್ಕೆ ನಮ್ಮ ನಾಡಿನಲ್ಲಿ ಹಳೆಯ ಬೇರಿದೆ. ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಸಂಘ ಎದ್ದಿತ್ತು. ಈಗ 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಾಯಿಸಿದರೆ ಪ್ರತಿ ಸದಸ್ಯನಿಗೂ ಒಂದು ಮತ ಸಿಗುತ್ತದೆ, ಜೊತೆಗೆ ಇಲಾಖೆಯ ಕೈಯೂ ಒಳಗೆ ಬರುತ್ತದೆ. ಮಂಡಳಿ ತಪ್ಪಿದರೆ ಆಡಳಿತಾಧಿಕಾರಿಯನ್ನು ಕೂರಿಸಬಹುದು. ಇದನ್ನು ಸಡಿಲಿಸಲೆಂದೇ 1997ರ ಸೌಹಾರ್ದ ಸಹಕಾರಿ ಕಾಯ್ದೆ ಬಂತು.

ಮೂರನೆಯದು ಉತ್ಪಾದಕರ ಕಂಪನಿ. ವೈ. ಕೆ. ಅಲಘ್ ಸಮಿತಿಯ ಶಿಫಾರಸಿನ ಮೇಲೆ ಆಗಿನ ಕಂಪನಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಬಂದ ರೂಪ ಇದು. ಹತ್ತು ಜನ ಉತ್ಪಾದಕರಿದ್ದರೆ ಸಾಕು, ನಿರ್ದೇಶಕರು ಐದರಿಂದ ಹದಿನೈದು. ಸದಸ್ಯರೆಲ್ಲ ವ್ಯಕ್ತಿಗಳೇ ಆಗಿದ್ದರೆ ಎಷ್ಟು ಷೇರಿದ್ದರೂ ಒಬ್ಬನಿಗೆ ಒಂದೇ ಮತ. ಷೇರನ್ನು ಹೊರಗಿನ ಹಣವಂತನಿಗೆ ಮಾರುವಂತಿಲ್ಲ. ಸಾಲದ ಹೊಣೆ ಷೇರಿನಲ್ಲಿ ಕಟ್ಟದೆ ಉಳಿದ ಹಣಕ್ಕಷ್ಟೇ. ಪೂರ್ಣಾವಧಿಯ ಸಿಇಒ ಇರಲೇಬೇಕು, ಅವನು ಸದಸ್ಯನಾಗಿರಬಾರದು. ಹುಡುಗರ ಆಸೆಯಲ್ಲಿ ಹೆಚ್ಚಿನದು ಇಲ್ಲೇ ಅಚ್ಚಾಗಿದೆ ಎಂದು ತೋರಿಸಿದಾಗ ಅವರ ಮುಖ ಅರಳುವುದನ್ನು ನೋಡುವುದು ನನಗೆ ಖುಷಿ. ಜೊತೆಗೆ ಇನ್ನೊಂದು ಮಾತೂ ಹೇಳಬೇಕಾಗುತ್ತದೆ: ಇಲ್ಲಿ ಮತ ಅಪ್ಪನದು. ಬೆಂಗಳೂರಿನಲ್ಲಿ ಕೂತು ಬೆಳೆಯ ಕೆಲಸದಲ್ಲಿಲ್ಲದ ಮಗ ಸದಸ್ಯನಾಗುವಂತಿಲ್ಲ. ಇದೇ ಈ ರೂಪದ ಗಟ್ಟಿತನ ಎಂದು ನಾನು ನಂಬುತ್ತೇನೆ.

ಬೆಳೆಸಾಲಕ್ಕೆ ಊರಿನ ಪತ್ತಿನ ಸಹಕಾರ ಸಂಘದ ಸದಸ್ಯತ್ವವನ್ನು ಯಾರೂ ಬಿಡಬೇಕಿಲ್ಲ. ಕಂಪನಿ ಮಾರಾಟಕ್ಕೆ, ಸಂಘ ಸಾಲಕ್ಕೆ.

4. ಎರಡು ತಾಲ್ಲೂಕನ್ನು ಒಂದೇ ಮಂಡಳಿಗೆ ಹಾಕುವ ಮುಂಚೆ

ನಂಜನಗೂಡಿನ ಬಾಳೆ ಕಡಿದ ವಾರದೊಳಗೆ ದುಡ್ಡಾಗಬೇಕು. ಕಬಿನಿ, ಕಾವೇರಿ ಕೂಡುವ ತಿ. ನರಸೀಪುರದ ನೀರಾವರಿ ಭತ್ತ ಬೆಲೆಗಾಗಿ ತಿಂಗಳುಗಟ್ಟಲೆ ಕಾಯಬಲ್ಲದು. ಬಾಳೆಯವರಿಗೆ ಕೈಯಲ್ಲಿ ಹಣ ಬೇಕು, ಭತ್ತದವರಿಗೆ ಗೋದಾಮು ಬೇಕು. ಒಂದೇ ಬಂಡವಾಳವಾದರೆ ಪ್ರತಿ ಸಭೆಯಲ್ಲೂ ಜಗಳ. ಬೇರೆ ಬೇರೆ ಕಂಪನಿ ಮಾಡಿ ಎಂದೇ ನನ್ನ ಸಲಹೆ.

5. ದಿನಕ್ಕೆ ನೂರು ರೂಪಾಯಿ

ಕಂಪನಿಯ ವಾರ್ಷಿಕ ಲೆಕ್ಕಪತ್ರ, ವಾರ್ಷಿಕ ರಿಟರ್ನ್ ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು. 2020ರಲ್ಲಿ ಶುರುವಾದ ಕೇಂದ್ರದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ತನ್ನಡಿ ನೋಂದಾದ ಒಂದೊಂದು ಸಂಸ್ಥೆಯ ನಿರ್ವಹಣೆಗೆ ಮೂರು ವರ್ಷದಲ್ಲಿ 18 ಲಕ್ಷದವರೆಗೆ ಕೊಡುತ್ತದೆ. ನಾಲ್ಕನೇ ವರ್ಷ ಸಿಇಒ ಸಂಬಳ, ಆಡಿಟರ್ ಶುಲ್ಕ ಎಲ್ಲಿಂದ? ಪ್ರತಿ ಕೆ.ಜಿ. ಹಣ್ಣಿನ ಮೇಲೆ ಎಷ್ಟು ಪೈಸೆ ಹಿಡಿಯಬೇಕೆಂದು ಮೊದಲ ಮಹಾಸಭೆಯಲ್ಲೇ ತೀರ್ಮಾನಿಸಿ ನಡಾವಳಿಯಲ್ಲಿ ಬರೆಸದ ಗುಂಪಿಗೆ ನಾನು ಕಂಪನಿ ಮಾಡಿಸುವುದಿಲ್ಲ. ಅವರಿಗೆ ಸೌಹಾರ್ದ ಸಹಕಾರಿ ಸಾಕು.

6. ಬ್ಲಾಕ್‌ಚೈನ್‌ಗೆ ಲೆಕ್ಕದ ಜಾಗ ಕೊಡಿ, ಷೇರಿನ ಜಾಗ ಬೇಡ

ಯಾವ ತೋಟದ ಗೊನೆ, ಯಾವ ದಿನ ಕಡಿದದ್ದು, ಯಾವ ಲಾರಿಗೆ ಹೋಯಿತು ಎಂಬುದನ್ನು ಅಳಿಸಲಾಗದಂತೆ ಬರೆದಿಡಲು ಅದು ಒಳ್ಳೆಯದು. ಕಾಫಿ ಮಂಡಳಿ 2019ರಲ್ಲಿ ಇದೇ ಉದ್ದೇಶಕ್ಕೆ ಬ್ಲಾಕ್‌ಚೈನ್ ಮಾರುಕಟ್ಟೆಯೊಂದನ್ನು ಶುರುಮಾಡಿತ್ತು. ಷೇರಿನ ಬದಲು ಕೈಬದಲಿಸಬಹುದಾದ ಡಿಜಿಟಲ್ ಟೋಕನ್ ಮಾತ್ರ ಬೇಡ. 2022ರಿಂದ ಅಂಥ ಡಿಜಿಟಲ್ ಆಸ್ತಿಯ ಕೈಬದಲಿಕೆಯಲ್ಲಿ ಬಂದ ಲಾಭಕ್ಕೆ ಶೇ 30 ತೆರಿಗೆಯಿದೆ. ಯಾರು ಸದಸ್ಯರೆಂದು ಕಾನೂನು ಕೇಳುವುದು ಸದಸ್ಯರ ರಿಜಿಸ್ಟರನ್ನು, ಮೊಬೈಲಿನ ಟೋಕನ್ನನ್ನಲ್ಲ. ತೋಟದಲ್ಲಿ ತಪ್ಪು ಬರೆದವನ ಸುಳ್ಳನ್ನು ಯಾವ ಸರಪಳಿಯೂ ತಿದ್ದಲಾರದು.

7. ಹೆಸರು ಕಂಪನಿಯದಾಗಬಾರದು

ನಂಜನಗೂಡು ರಸಬಾಳೆಗೆ 2005–06ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ನೋಂದಾಯಿಸಿದ್ದು ತೋಟಗಾರಿಕೆ ಇಲಾಖೆ. ಪನಾಮಾ ಸೊರಗು ರೋಗ ತೋಟಗಳನ್ನು ನುಂಗಿದ ಮೇಲೆ ಉಳಿದಿರುವ ಬೆಳೆಗಾರರು ಕಡಿಮೆ, ಹೆಸರಿಗೆ ಬೆಲೆ ಹೆಚ್ಚು. ಆ ಹೆಸರು ಬಳಸುವ ಹಕ್ಕಿಗೆ ಬೆಳೆಗಾರ ತಾನೇ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬಹುದು. ಭೌಗೋಳಿಕ ಗುರುತಿನ ನಿಯಮಗಳ 2020ರ ತಿದ್ದುಪಡಿಯ ನಂತರ ಅರ್ಜಿ ಶುಲ್ಕ 10 ರೂಪಾಯಿ. ಕಂಪನಿಯ ಹೆಸರಿನಲ್ಲಷ್ಟೇ ಮಾಡಿಸಿದರೆ ಕಂಪನಿ ಮುಚ್ಚಿದ ದಿನ ರೈತನ ಕೈ ಖಾಲಿ. ಅದಕ್ಕೇ ದೇವರಸನಹಳ್ಳಿಯಂಥ ಊರುಗಳಲ್ಲಿ ಷೇರು ಅರ್ಜಿ ತುಂಬಿಸುವ ದಿನವೇ, ಅದೇ ಪಹಣಿ ಪ್ರತಿಯ ಜೊತೆಗೆ, ಈ ಅರ್ಜಿಯನ್ನೂ ಒಬ್ಬೊಬ್ಬರ ಹೆಸರಿನಲ್ಲಿ ಬರೆಸಿ ಕಳಿಸಿ ಎನ್ನುತ್ತೇನೆ.