ಹಳೆಯ ಕಾರೂ ಅದರ ಟೈರೂ

ಇತಿಹಾಸವನ್ನು ಐಚ್ಛಿಕ ವಿಷಯವನ್ನಾಗಿ ತೆಗೆದುಕೊಂಡು ಅಂತಿಮ ಬಿ.ಎ. ತರಗತಿಯಲ್ಲಿ ಓದುತ್ತಿರುವ ನಾನು ಕಾಲೇಜು ಸಂಚಿಕೆಗೆ ಮೋಟಾರು ಟೈರಿನ ವಿಷಯವಾಗಿ ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಶಾಸನಗಳನ್ನು ಕುರಿತು ಪಾಠ ಹೇಳುವಾಗ ನಮ್ಮ ಗುರುಗಳು, ‘ಹೊಗಳಿಕೆಯನ್ನು ಬದಿಗಿಟ್ಟು ಮೊದಲು ಕಾಲವನ್ನು ನೋಡಿರಿ’ ಎಂದು ಎಚ್ಚರಿಸುತ್ತಿದ್ದರು. ಆ ಮಾತು ನನ್ನ ಕಿವಿಗೆ ಬಿದ್ದಿತ್ತೇ ಹೊರತು ತಲೆಗೆ ಹತ್ತಿರಲಿಲ್ಲ. ಹತ್ತಿದ್ದು 2024ನೆಯ ಇಸವಿಯಲ್ಲಿ, ನಮ್ಮ ಮನೆಯ 10,000 ರೂಪಾಯಿ ಕೈಬಿಟ್ಟುಹೋದ ಮೇಲೆ.

ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ಅಜ್ಜಿಗೆ ಮೂತ್ರಪಿಂಡಗಳು ಕೆಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಬೇಕಾಗಿ ಬಂದಿತು. ಆಸ್ಪತ್ರೆ 22 ಕಿಲೋಮೀಟರು ದೂರ. ಬೆಳಿಗ್ಗೆ ಹೇಗೋ ಬಸ್ಸಿನಲ್ಲಿ ಕರೆದೊಯ್ಯಬಹುದು. ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿ ಸೋತ ಮುದುಕಿಯನ್ನು ಸಂಜೆಯ ನೂಕುನುಗ್ಗಲಿನಲ್ಲಿ ನಿಲ್ಲಿಸಿಕೊಂಡು ಬರುವುದು ನಮ್ಮಿಂದಾಗುತ್ತಿರಲಿಲ್ಲ. ಬಾಡಿಗೆ ಕಾರಿಗೆ ಕೊಟ್ಟು ಪೂರೈಸುವಂತಿರಲಿಲ್ಲ. ಕೊಬ್ಬರಿ ಮಾರಿದ ಹಣಕ್ಕೆ ಸೊಸೈಟಿಯ ಸಾಲ ಸೇರಿಸಿ ಅಪ್ಪ ಎರಡು ಲಕ್ಷ ಹೊಂದಿಸಿದರು. ಹಳೆಯ ಕಾರೊಂದನ್ನು ನೋಡಿ ಗೊತ್ತುಮಾಡುವ ಕೆಲಸ, ಮನೆಯಲ್ಲಿ ಓದಿದವನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂದಿತು.

ನಾನು ನೋಡಿದ್ದು 2016ರ ಜನವರಿಯಲ್ಲಿ ನೋಂದಣಿಯಾಗಿದ್ದ ಒಂದು ಚಿಕ್ಕ ಕಾರು. ಬಣ್ಣ ಕನ್ನಡಿಯಂತಿತ್ತು. ಟೈರುಗಳು ಮಿರಮಿರನೆ ಮಿಂಚುತ್ತಿದ್ದವು. ಮೀಟರಿನಲ್ಲಿ 38,000 ಕಿಲೋಮೀಟರು. ‘ಡಾಕ್ಟರೊಬ್ಬರು ಓಡಿಸಿದ ಗಾಡಿ ಸಾರ್, ಭಾನುವಾರ ಮಾತ್ರ ಹೊರಗೆ ತೆಗೀತಿದ್ರು’ ಎಂದ ಮಾರುವವನು. ನನ್ನನ್ನು ಅದುವರೆಗೆ ಯಾರೂ ಸಾರ್ ಎಂದಿರಲಿಲ್ಲ. ಕಾರಿಗೆ ಒಂದು ಪ್ರದಕ್ಷಿಣೆ ಬಂದು, ಬಾಗಿಲು ತೆಗೆದು ಹಾಕಿ, ಹಾರನ್ನು ಬಾರಿಸಿ, ಪರೀಕ್ಷೆ ಮುಗಿಯಿತೆಂದು ತಿಳಿದೆ. ಅಪ್ಪನಿಂದ 10,000 ರೂಪಾಯಿ ಮುಂಗಡ ಕೊಡಿಸಿದೆ.

ಎರಡು ದಿನ ಬಿಟ್ಟು, ಬಸ್ಸು ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ನನ್ನ ಸೋದರಮಾವ ಬಂದರು. ಅವರು ಕಾರಿನ ಬಣ್ಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪಂಚೆ ಮೇಲೆ ಕಟ್ಟಿ ಮುಂದಿನ ಎಡ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತರು. ಒದ್ದೆ ಬಟ್ಟೆಯಿಂದ ಟೈರಿನ ಕಪ್ಪು ಪಾಲಿಷನ್ನು ಒರೆಸಿ, ‘ಬಾರೋ ಅಳಿಯ, ಓದ್ದೋನು ನೀನು. ಇಲ್ಲೇನು ಬರೆದೈತೆ ಓದು’ ಎಂದರು.

ಟೈರಿನ ಪಕ್ಕೆಯ ಮೇಲೆ ಉಬ್ಬಕ್ಷರದಲ್ಲಿ ಬಹಳ ಬರಹವಿರುತ್ತದೆ. 145/80 ಆರ್ 12 ಎಂದಿದ್ದರೆ, ಟೈರಿನ ಅಗಲ 145 ಮಿಲಿಮೀಟರು, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 80 ಪಾಲು, ಒಳಗಿನ ಡಿಸ್ಕಿನ ವ್ಯಾಸ 12 ಅಂಗುಲ. ‘ಆರ್’ ಎಂದರೆ ರೇಡಿಯಲ್. ಆಲ್ಟೋ 800ರಂಥ ಕಾರಿಗೆ ಬರುವುದು ಈ ಅಳತೆ. ಇದನ್ನು ಅಂಗಡಿಯವರೇ ಹೇಳುತ್ತಾರೆ. ನಾವು ಹುಡುಕಬೇಕಾದುದು ಬೇರೊಂದನ್ನು: ಡಿ.ಒ.ಟಿ. ಎಂಬ ಸಾಲಿನ ಕೊನೆಯಲ್ಲಿಯೋ ಒಂದು ಪುಟ್ಟ ಅಂಡಾಕಾರದ ಗೆರೆಯೊಳಗೋ ಇರುವ ನಾಲ್ಕು ಅಂಕಿಗಳನ್ನು. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 0923 ಎಂದರೆ 2023ನೆಯ ಇಸವಿಯ ಒಂಬತ್ತನೆಯ ವಾರದಲ್ಲಿ ಆ ಟೈರು ತಯಾರಾಯಿತು ಎಂದು ಅರ್ಥ. ಹೊರಮೈಯಲ್ಲಿ ಕಾಣದಿದ್ದರೆ ಒಳಮೈಯಲ್ಲಿರುತ್ತದೆ. ಬಟ್ಟೆ ಮಾಸುವುದೆಂದು ಹಿಂಜರಿಯದೆ ಗಾಡಿಯ ಕೆಳಗೆ ತಲೆ ಹಾಕಿ ನೋಡಬೇಕು.

ನಾನು ಓದುತ್ತ ಹೋದೆ. ಮುಂದಿನ ಎರಡೂ ಟೈರುಗಳು 0923. ಹಿಂದಿನವು 3119. ಮಾವ ಡಿಕ್ಕಿ ತೆಗೆಸಿ ಸ್ಟೆಪ್ನಿಯನ್ನೂ ಹೊರಕ್ಕೆಳೆದರು. ಅದರ ಮೇಲಿದ್ದುದು 4415.

(ಈ ‘ಸ್ಟೆಪ್ನಿ’ ಎಂಬ ಪದ ಎಲ್ಲಿಯದೆಂದು ಆಮೇಲೆ ಹುಡುಕಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರ ಸುಮಾರಿಗೆ ಮೋಟಾರಿಗೆ ಹೆಚ್ಚುವರಿ ಚಕ್ರವನ್ನು ತಯಾರಿಸಿ ಮಾರತೊಡಗಿದರು. ಹುಟ್ಟಿದ ನಾಡಿನಲ್ಲಿ ಬಳಕೆ ತಪ್ಪಿದ ಆ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇಂದಿಗೂ ಬದುಕಿದೆ.)

‘ಲೆಕ್ಕ ಹಾಕು’ ಎಂದರು ಮಾವ. ಹಾಕಿದೆ. 2015ರ ಕೊನೆಯ ಸ್ಟೆಪ್ನಿ ಕಾರಿನೊಡನೆ ಬಂದುದು. ಅಲ್ಲಿಗೆ ಕಾರಿನ ವಯಸ್ಸು ನಿಜ. ಆದರೆ ಮೊದಲ ಟೈರುಗಳು 2019ರ ಹೊತ್ತಿಗೇ ಮುಗಿದಿವೆ. ಮುಂದಿನವಂತೂ 2023ರಲ್ಲಿ ಮತ್ತೊಮ್ಮೆ ಬದಲಾಗಿವೆ. ಒಂದು ಜೊತೆ ಟೈರು ಸಾಧಾರಣವಾಗಿ 40,000 ಕಿಲೋಮೀಟರಿನಷ್ಟು ಬಾಳುವಾಗ, 38,000 ಓಡಿದ ಕಾರಿಗೆ ಮೂರನೆಯ ಜೊತೆ ಏಕೆ? ನಿಂತೇ ಇದ್ದ ಕಾರಿನ ಟೈರನ್ನೂ ಐದಾರು ವರ್ಷಕ್ಕೆ ರಬ್ಬರು ಒಡೆಯಿತೆಂದು ಬದಲಾಯಿಸುವುದುಂಟು. ಮೂರೂವರೆ ವರ್ಷಕ್ಕೆ, ಅದೂ ಭಾನುವಾರದ ಗಾಡಿಗೆ, ಬದಲಾಯಿಸುವವರು ಅಪರೂಪ. ಒಂದೇ ಸಾಕ್ಷಿಯಿಂದ ತೀರ್ಮಾನಿಸಬಾರದೆಂದು ನಮ್ಮ ಶಾಸ್ತ್ರವೂ ಹೇಳುತ್ತದಷ್ಟೆ. ಮಾವ ಕ್ಲಚ್ ಪೆಡಲನ್ನು ತೋರಿಸಿದರು: ಅದರ ರಬ್ಬರಿನ ಗೆರೆಗಳು ಸವೆದು ನುಣ್ಣಗಾಗಿದ್ದವು. ಮೀಟರನ್ನು ಹಿಂದಕ್ಕೆ ತಿರುಗಿಸಿದವನು ಪೆಡಲನ್ನು ಮರೆತಿದ್ದ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೂ ಇತ್ತು. ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿದರೆ ಮುಂದಿನ ಚಕ್ರ ಓರೆಯಾಗಿ, ನಿಂತು ನೋಡುವವರಿಗೆ ಕಾಣದ ಒಳ ಅಂಚು ಬೆಳಕಿಗೆ ಬರುತ್ತದೆ. ಎಡ ಟೈರಿನ ಹೊರ ಅಂಚು ಹೊಸದರಂತಿತ್ತು. ಒಳ ಅಂಚಿನಲ್ಲಿ ರಬ್ಬರು ತಿಂದುಹೋಗಿ ನೂಲು ಕಾಣುತ್ತಿತ್ತು. ಸವೆತಕ್ಕೂ ಒಂದು ಭಾಷೆಯಿದೆ ಎಂದು ನನಗೆ ಅಂದು ತಿಳಿಯಿತು. ಗಾಳಿ ಹೆಚ್ಚು ತುಂಬಿ ಓಡಿಸಿದರೆ ಟೈರಿನ ನಡುಭಾಗ ಸವೆಯುತ್ತದೆ. ಕಡಿಮೆಯಿದ್ದರೆ ಎರಡೂ ಅಂಚುಗಳು. ಇವು ಓಡಿಸಿದವನ ಅಲಕ್ಷ್ಯವೇ ಹೊರತು ಗಾಡಿಯ ರೋಗವಲ್ಲ. ಅಲ್ಲಲ್ಲಿ ಹಳ್ಳ ಬಿದ್ದಂತೆ ಸವೆದಿದ್ದರೆ ಷಾಕ್ ಅಬ್ಸಾರ್ಬರ್ ಸೋತಿರಬಹುದು. ಒಂದೇ ಅಂಚು ಸವೆದಿದ್ದರೆ ಚಕ್ರ ನೇರವಾಗಿ ನಿಂತಿಲ್ಲ. ಅದು ಬರಿಯ ಅಲೈನ್‌ಮೆಂಟಿನ ದೋಷವಾದರೆ ಸಣ್ಣ ಖರ್ಚಿನಲ್ಲಿ ಸರಿಹೋದೀತು. ಗುದ್ದಿದ ಪೆಟ್ಟಿಗೆ ಕಾರಿನ ಒಡಲೇ ಬಾಗಿದ್ದರೆ ಹಾಗಲ್ಲ.

ಮಾವ ಬಾನೆಟ್ಟು ಎತ್ತಿಸಿದರು. ಎಡಗಡೆಯ ಬೋಲ್ಟುಗಳ ತಲೆಯ ಮೇಲೆ ಬಣ್ಣ ಕಿತ್ತಿತ್ತು, ಎಂದರೆ ಸ್ಪಾನರು ಬಿದ್ದಿತ್ತು. ಒಳಗಿನ ತಗಡಿನ ಮೇಲೆ, ಕಾರ್ಖಾನೆಯಲ್ಲಿ ಬೀಳುವ ಸಾಲುಚುಕ್ಕಿ ವೆಲ್ಡಿಂಗಿನ ಬದಲು ಕೈಯಿಂದ ಮಾಡಿದ ಒರಟು ವೆಲ್ಡಿಂಗು. ನೇರವಾದ ರಸ್ತೆಯಲ್ಲಿ ಸ್ಟಿಯರಿಂಗು ಸಡಿಲ ಬಿಟ್ಟಾಗ ಕಾರು ತಾನಾಗಿ ಎಡಕ್ಕೆ ವಾಲಿತು. ‘ಭಾವ, ಇದ್ರಲ್ಲಿ ಅತ್ತೆಯವರನ್ನ ಕೂರಿಸೋದು ಬ್ಯಾಡ’ ಎಂದು ಅಪ್ಪನಿಗೆ ಒಂದೇ ಮಾತು ಹೇಳಿ ಕೈ ತೊಳೆಯಲು ಹೋದರು.

ಮುಂಗಡ ಹಿಂದಕ್ಕೆ ಬರಲಿಲ್ಲ. ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಮತ್ತೆ ಮೂರು ವಾರ ಅಜ್ಜಿ ಬಸ್ಸಿನಲ್ಲೇ ಬಂದಳು.

ಎರಡನೆಯ ಕಾರನ್ನು ನೋಡಲು ಹೋದಾಗ ನನ್ನ ಜೇಬಿನಲ್ಲಿ ಒಂದು ಬೆಂಕಿಕಡ್ಡಿಯೂ ಅಡ್ಡಪಟ್ಟಿಯೂ ಇದ್ದವು. ಅದು ನಿವೃತ್ತ ಉಪಾಧ್ಯಾಯರೊಬ್ಬರ 2014ರ ಗಾಡಿ. ಬಾನೆಟ್ಟಿನ ಬಣ್ಣ ಬಿಸಿಲಿಗೆ ಸುಣ್ಣದಂತಾಗಿತ್ತು. ಮೀಟರು 71,000. ನಾಲ್ಕು ಟೈರೂ 2019ರವು, ಪಕ್ಕೆಗಳಲ್ಲಿ ಸಣ್ಣ ಬಿರುಕು. ಗಾಡಿಗೆ ಕಡ್ಡಿಯಿಳಿಸಿ ಉಗುರಿನಿಂದ ಗುರುತುಮಾಡಿ ಅಳೆದೆ. ಹೊಸ ಟೈರಿನಲ್ಲಿ ಈ ಆಳ 7–8 ಮಿಲಿಮೀಟರು ಇರುತ್ತದೆ. ಗಾಡಿಯ ತಳದಲ್ಲಿ ಅಡ್ಡಲಾಗಿ ಸಣ್ಣ ದಿಂಡುಗಳಿರುತ್ತವೆ, 1.6 ಮಿಲಿಮೀಟರು ಉಳಿದಾಗ ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬರುತ್ತದೆ. ಆಮೇಲೆ ಮಳೆಯಲ್ಲಿ ಆ ಟೈರು ನೆಲ ಹಿಡಿಯುವುದಿಲ್ಲ, ಬದಲಾಯಿಸಲೇಬೇಕು. ಇಲ್ಲಿ ನಾಲ್ಕೂ ದಿಂಡಿಗೆ ಬಂದಿದ್ದವು. ಆದರೆ ನಡು, ಅಂಚು, ಎಡ, ಬಲ ಎಲ್ಲ ಒಂದೇ ಸಮ. ಹೊಳೆಯುವ ಟೈರಿಗಿಂತ ಸಮವಾಗಿ ಮುಗಿದ ಟೈರನ್ನು ನಂಬಬಹುದೆಂಬುದು ಮಾವನ ಮತ. ಈಗ ನನ್ನದೂ ಅದೇ.

ಉಳಿದುದನ್ನು ಮಾವನೇ ನೋಡಿದರು. ಎಂಜಿನ್ನು ತಣ್ಣಗಿರುವಾಗಲೇ ಸ್ಟಾರ್ಟು ಮಾಡಿಸಬೇಕು. ಬಿಸಿ ಮಾಡಿಟ್ಟು ಕಾಯುವವನಲ್ಲಿ ಏನೋ ಮುಚ್ಚಿಡುವುದಿದೆ. ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆ. ಆಯಿಲು ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆಯನ್ನೂ ಹುಡುಕಿದರು. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನಲ್ಲಿ ಎಷ್ಟೋ ಕಾರುಗಳು ನೀರಿನಲ್ಲಿ ಮುಳುಗಿದ್ದವಲ್ಲ. ಕರಾವಳಿಯ ಗಾಡಿಯಾದರೆ ಬಾಗಿಲ ತಳದಲ್ಲಿ ತುಕ್ಕು ನೋಡಬೇಕಂತೆ. ಕಾಗದಪತ್ರ ನನ್ನ ಪಾಲಿಗೆ ಬಿಟ್ಟರು. ಆರ್.ಸಿ.ಯಲ್ಲಿರುವ ಚಾಸಿಸ್ ನಂಬರನ್ನು ಕಾರಿನ ಮೇಲಿನದಕ್ಕೆ ಅಕ್ಷರಕ್ಕಕ್ಷರ ಹೋಲಿಸಿದೆ. ಬ್ಯಾಂಕಿನ ಸಾಲ ತೀರಿ 35ನೆಯ ನಮೂನೆ ಸಲ್ಲಿಕೆಯಾಗಿತ್ತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕಾದುದರಿಂದ 2029ರವರೆಗೆ ಚಿಂತೆಯಿರಲಿಲ್ಲ. 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾಯಿತು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನದೊಳಗೆ ಅರ್ಜಿ ಕೊಟ್ಟೆವು.

ಟೈರುಗಳ ಸ್ಥಿತಿಯನ್ನು ಮುಂದಿಟ್ಟು ಕೇಳಿದಾಗ ಮೇಷ್ಟರು ವಾದಿಸದೆ 12,000 ರೂಪಾಯಿ ಬಿಟ್ಟುಕೊಟ್ಟರು. ಆ ಹಣಕ್ಕೆ ಅದೇ ಸಂಜೆ ತಿಪಟೂರಿನಲ್ಲಿ ನಾಲ್ಕು ಹೊಸ ಟೈರು ಹಾಕಿಸಿದೆವು. ಅಂಗಡಿಯವನು ತಂದಿಟ್ಟ ಹೊಸ ಟೈರುಗಳ ಅಂಕಿಯನ್ನೂ ನಾನು ಬಗ್ಗಿ ಓದಿದೆ, ಎರಡನ್ನು ಹಿಂದಕ್ಕೆ ಕಳಿಸಿ ಬೇರೆ ತರಿಸಿದೆ. ಮಾರನೆಯ ದಿನ ಅಮ್ಮ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ದಿಂಬಿಟ್ಟು ಮಲಗಿಸಿಕೊಂಡು ಅಪ್ಪ ಆಸ್ಪತ್ರೆಗೆ ಹೊರಟರು. ಸಂಜೆ ಹಿಂದಿರುಗುವಾಗ ಅವಳು ದಾರಿಯುದ್ದಕ್ಕೂ ನಿದ್ದೆಹೋಗಿದ್ದಳಂತೆ.