ಎಳ್ಳಮಾಸಿಗೆ ಬುಕ್ ಕ್ಲಬ್: ವರ್ಷದ ಓದಿನ ಲೆಕ್ಕಕ್ಕೆ 7 ಸೂತ್ರಗಳು

ಬಸವಕಲ್ಯಾಣದಲ್ಲೋ ಹುಮನಾಬಾದಿನಲ್ಲೋ ನಾಲ್ಕೈದು ಗೆಳೆಯರು ಸೇರಿ ಬುಕ್ ಕ್ಲಬ್ ಶುರು ಮಾಡಿದ್ದೀರಾ? ಶಭಾಷ್! ಡಿಸೆಂಬರ್ ಬಂತು. ವರ್ಷದ ಕೊನೆಯ ಸಭೆ ಬರೀ ಪಾರ್ಟಿ ಅಂದುಕೊಂಡಿದ್ದರೆ ಈಗಲೇ ಮನಸ್ಸು ಬದಲಿಸಿ. ಅದು ನಿಮ್ಮ ಓದಿನ ಆಡಿಟ್.

1. ದಿನ ಹುಡುಕುತ್ತ ಕೂರಬೇಡಿ.
ಎಲ್ಲರ ಅನುಕೂಲ ನೋಡುತ್ತ ಹೋದರೆ ಯುಗಾದಿ ಬಂದುಬಿಡುತ್ತದೆ. ನಮ್ಮ ಕಡೆ ಎಳ್ಳಮಾಸಿ ಇದ್ದೇ ಇದೆ. 2024ರಲ್ಲಿ ಅದು ಡಿಸೆಂಬರ್ 30ಕ್ಕೆ ಬಂದಿತ್ತು. ಹೈದರಾಬಾದ್, ಪುಣೆ, ಬೆಂಗಳೂರಿಗೆ ದುಡಿಯಲು ಹೋದವರೂ ಈ ಹಬ್ಬಕ್ಕೆ ಊರ ದಾರಿ ಹಿಡಿಯುತ್ತಾರೆ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಮುಗಿಸಿ ಮರದ ಕೆಳಗೆ ಸೇರಿ. ಊಟಕ್ಕೆ ಮೊದಲು ಸಭೆ ಇಟ್ಟರೆ ಎಲ್ಲರ ಗಮನ ಬುತ್ತಿಯ ಮೇಲೆ! ಊಟವಾದ ಮೇಲೆ ನಿದ್ದೆ ಬರುತ್ತದೆಯೇ? ನಿಂತು ಮಾತಾಡಿ.

2. ಹದಿನೈದು ದಿನ ಹಿಂದಿನಿಂದಲೇ ತಯಾರಾಗಿ.
ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ದತ್ತ ಜಯಂತಿ ಮಾರ್ಗಶಿರ ಹುಣ್ಣಿಮೆಗೆ. ಎಳ್ಳಮಾಸಿ ಅದೇ ತಿಂಗಳ ಅಮಾವಾಸ್ಯೆಗೆ. ನಡುವಿನ ಹದಿನೈದು ದಿನ ನಿಮ್ಮ ರಿವಿಜನ್ ಟೈಮ್. ಮಾಣಿಕಪ್ರಭುಗಳ ದರ್ಶನ ಮುಗಿಸಿ ಬಂದ ರಾತ್ರಿಯೇ ಅರ್ಧಕ್ಕೆ ಬಿಟ್ಟ ಪುಸ್ತಕ ತೆರೆಯಿರಿ.

3. ಓದದ ಪುಸ್ತಕದ ಹೆಸರನ್ನು ಜೋರಾಗಿ ಹೇಳಿ.
ಯಾವ ಪುಟಕ್ಕೆ ನಿಂತಿತು, ಯಾಕೆ ನಿಂತಿತು? ಮೊಬೈಲೋ, ಪುಸ್ತಕವೇ ಸಪ್ಪೆಯೋ? ಕಾರಣ ಬಾಯಿಬಿಟ್ಟು ಹೇಳಿದರೆ ಮಾತ್ರ ಮುಂದಿನ ಆಯ್ಕೆ ಸರಿಯಾಗುತ್ತದೆ.

4. ಮುಂದಿನ ವರ್ಷಕ್ಕೆ ಒಂದೇ ವಿಷಯ, ಮೂರು ಪುಸ್ತಕ.
ಪಿ. ಲಂಕೇಶರ ‘ಸಂಕ್ರಾಂತಿ’ (1971), ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986), ಗಿರೀಶ ಕಾರ್ನಾಡರ ‘ತಲೆದಂಡ’ (1990). ಮೂರೂ ನಾಟಕ. ಮೂರರಲ್ಲೂ ನೀವು ದಿನಾ ಓಡಾಡುವ ಇದೇ ಕಲ್ಯಾಣ, ಅದೇ ಬಸವಣ್ಣ, ಅದೇ ಬಿಜ್ಜಳ. ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಒಂದೇ ಘಟನೆಯನ್ನು ಮೂವರು ಹೇಗೆ ಬೇರೆಬೇರೆಯಾಗಿ ಕಂಡರು ಎಂದು ಪಟ್ಟಿ ಮಾಡಿ. ಕೆಎಎಸ್ ಪ್ರಬಂಧ ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ಕೋಚಿಂಗ್ ನನಗಂತೂ ಗೊತ್ತಿಲ್ಲ. ನಮ್ಮೂರ ಕಥೆಯನ್ನು ದೂರದವರು ಬರೆದಿದ್ದಾರೆ, ನಾವು ಓದಾದರೂ ಓದಬೇಡವೇ?

5. ಭಾಷಣ ಮಾಡುವವನಿಗಲ್ಲ, ಪ್ರಶ್ನೆ ಕೇಳುವವನಿಗೆ ಅಧ್ಯಕ್ಷತೆ ಕೊಡಿ.
ಅನುಭವ ಮಂಟಪದ ಶೂನ್ಯಸಿಂಹಾಸನದಲ್ಲಿ ಕೂತವನು ಅಲ್ಲಮಪ್ರಭು. ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ‘ಶೂನ್ಯಸಂಪಾದನೆ’ ತೆಗೆದು ನೋಡಿ: ಅಕ್ಕಮಹಾದೇವಿಯನ್ನೂ ಅವನು ಸುಮ್ಮನೆ ಒಳಗೆ ಬಿಡುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ. ಅವಳೂ ಜಗ್ಗುವುದಿಲ್ಲ. ನಿಮ್ಮ ಸಭೆಯಲ್ಲೂ ಅಧ್ಯಕ್ಷರ ಕೆಲಸ ಕೇಳುವುದಷ್ಟೇ. ಪ್ರತಿಯೊಬ್ಬರಿಗೂ ಮೂರು ನಿಮಿಷ, ಫೋನಿನಲ್ಲಿ ಟೈಮರ್ ಇಡಿ. ‘ನನಗೆ ಮಾತಾಡಕ್ಕ ಬರಲ್ಲ’ ಅನ್ನುವುದು ಸ್ವಭಾವವಲ್ಲ, ಚಟ. ಬಿಡಿಸಿಕೊಳ್ಳಿ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಚೆಲ್ಲಿದ ಅಕ್ಕಿ ಆಯುವ ಲಕ್ಕಮ್ಮ ಈ ಊರಲ್ಲಿ ತಲೆ ಎತ್ತಿ ಮಾತಾಡಿದವರು. ಡಿಗ್ರಿ ಕೈಯಲ್ಲಿ ಹಿಡಿದು ನೀವು ಹಿಂಜರಿಯುವುದೇ?

6. ಗಿಫ್ಟ್‌ಗೆ ಹೊಸ ಪುಸ್ತಕ ಬೇಡ.
ನೀವು ಗೆರೆ ಎಳೆದು ಓದಿದ್ದನ್ನೇ ಕೊಡಿ. ಖರ್ಚಿಲ್ಲ, ಗೆಳೆಯನಿಗೆ ಓದಲು ದಾರಿಯೂ ಸಿಗುತ್ತದೆ.

7. ಬರೆದಿಡಿ.
ವಾಟ್ಸಾಪ್ ಗ್ರೂಪಿನಲ್ಲಲ್ಲ, ನೋಟ್‌ಬುಕ್ಕಿನಲ್ಲಿ. ತಾಳೆಗರಿಯ ಮೇಲೆ ಯಾರೋ ನಕಲು ಮಾಡಿಟ್ಟಿದ್ದರಿಂದ ತಾನೇ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತರಲು ಆಯಿತು? ಯಾರು ಏನು ಓದಿದರು, ಯಾವ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಇಷ್ಟು ಸಾಕು. ಜನವರಿಯ ಪುಸ್ತಕ, ತಾರೀಖು, ಯಾರ ಮನೆ ಎಂಬುದನ್ನು ಬರೆಯದೆ ಹೊಲದಿಂದ ಏಳಬೇಡಿ. ಈ ಸಲ ಕಲ್ಯಾಣದಲ್ಲಾದರೆ ಮುಂದಿನ ಸಲ ಹುಮನಾಬಾದ್.

ಇನ್ನೂ ಕ್ಲಬ್ಬೇ ಇಲ್ಲವೇ? ಇಬ್ಬರು ಸಾಕು. ಪುಸ್ತಕ ಓದುತ್ತಾನೆ ಎಂದು ನಿಮಗೆ ಗೊತ್ತಿರುವ ಆ ಒಬ್ಬನಿಗೆ ಇವತ್ತು ಸಂಜೆಯೊಳಗೆ ಫೋನ್ ಮಾಡಿ.