ಎನ್‌ಎಡಿ ಚುಚ್ಚುಮದ್ದು: ಉಪಯೋಗ ಮತ್ತು ಸುರಕ್ಷತೆ

ನಿಕೋಟಿನಮೈಡ್ ಅಡಿನೈನ್ ಡೈನ್ಯೂಕ್ಲಿಯೊಟೈಡ್, ಅಂದರೆ ಎನ್‌ಎಡಿ, ಒಂದು ಸಹಕಿಣ್ವ. ಬಿ3 ಜೀವಸತ್ವ (ನಿಯಾಸಿನ್) ಮತ್ತು ಟ್ರಿಪ್ಟೊಫಾನ್ ಅಮೈನೊ ಆಮ್ಲದಿಂದ ದೇಹವೇ ಇದನ್ನು ತಯಾರಿಸಿಕೊಳ್ಳುತ್ತದೆ. 1906ರಲ್ಲಿ ಯೀಸ್ಟ್ ರಸದಲ್ಲಿ ಇದರ ಸುಳಿವು ಕಂಡವರು ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್. 1929ರ ರಸಾಯನಶಾಸ್ತ್ರ ನೊಬೆಲ್ ಮಾತ್ರ ಹಾರ್ಡನ್ ಹಾಗೂ ಹಾನ್ಸ್ ಫಾನ್ ಆಯ್ಲರ್-ಕೆಲ್ಪಿನ್ ಅವರಿಗೆ ಸಂದಿತು. ಇಲ್ಲೊಂದು ಗೊಂದಲ ಸಾಮಾನ್ಯ: ಜೀವಕೋಶದ ಶಕ್ತಿಯ ನಾಣ್ಯ ಎಟಿಪಿ, ಎನ್‌ಎಡಿ ಅಲ್ಲ. ಎನ್‌ಎಡಿ ಎಲೆಕ್ಟ್ರಾನುಗಳನ್ನು ಪಡೆದು ಎನ್‌ಎಡಿಎಚ್ ಆಗುತ್ತದೆ, ಮೈಟೊಕಾಂಡ್ರಿಯದಲ್ಲಿ ಅವನ್ನು ಬಿಟ್ಟುಕೊಟ್ಟು ಮತ್ತೆ ಎನ್‌ಎಡಿ ಆಗುತ್ತದೆ. ಹೀಗೆ ಪದೇ ಪದೇ ಮರುಬಳಕೆಯಾಗುವ ವಸ್ತುವನ್ನು ಹೆಚ್ಚು ಕೊಟ್ಟಷ್ಟೂ ಶಕ್ತಿ ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ.

ವಯಸ್ಸಾದಂತೆ ಹಲವು ಅಂಗಾಂಶಗಳಲ್ಲಿ ಎನ್‌ಎಡಿ ಕುಸಿಯುತ್ತದಲ್ಲ, ತುಂಬಿಕೊಟ್ಟರೆ ತಪ್ಪೇನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ರಕ್ತಕ್ಕೆ ಸೇರಿದ್ದೆಲ್ಲ ಜೀವಕೋಶದೊಳಕ್ಕೆ ಹೋಗುವುದಿಲ್ಲ. ಈ ದೊಡ್ಡ ಅಣು ಬಹುಪಾಲು ಹೊರಗೇ ಒಡೆಯುತ್ತದೆ, ಅದರ ತುಣುಕುಗಳು ಒಳಸೇರುತ್ತವೆ. ಅಂಥ ತುಣುಕಾದ ನಿಕೋಟಿನಮೈಡ್ ಅಗ್ಗದ ಮಾತ್ರೆಯಲ್ಲೂ ಸಿಗುತ್ತದೆ. ನಿಯಾಸಿನ್ ಕೊರತೆಯ ಪೆಲ್ಲಾಗ್ರಕ್ಕೆ (ಚರ್ಮದ ಉರಿಯೂತ, ಭೇದಿ, ಬುದ್ಧಿಭ್ರಮಣೆ) ಸಾಮಾನ್ಯವಾಗಿ ಕೊಡುವುದೂ ಅದನ್ನೇ. ದಣಿವು, ಮುಪ್ಪುಗಳಿಗೆಂದು ಮಾರುವ ಎನ್‌ಎಡಿ ಚುಚ್ಚುಮದ್ದಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮೋದನೆ ಇಲ್ಲ. ಡ್ರಿಪ್ ವೇಗವಾಗಿ ಹರಿಸಿದರೆ ವಾಕರಿಕೆ, ಹೊಟ್ಟೆ ಹಿಂಡುವಿಕೆ, ಎದೆ ಬಿಗಿತ ಕಾಣಿಸಬಹುದು. ಮದ್ದು ಶುದ್ಧವಾಗಿಲ್ಲದಿದ್ದರೆ ಸೋಂಕು ನೇರ ರಕ್ತಕ್ಕೇ ಇಳಿಯುತ್ತದೆ. ದೇಹದಲ್ಲೇ ಇರುವ ವಸ್ತುವಿನಿಂದ ಅಪಾಯವೇನು ಎಂಬ ವಾದವೂ ನಿಲ್ಲದು: ಪೊಟ್ಯಾಸಿಯಂ ಕೂಡ ದೇಹದಲ್ಲೇ ಇದೆ, ರಕ್ತನಾಳಕ್ಕೆ ವೇಗವಾಗಿ ಹರಿಸಿದರೆ ಹೃದಯವನ್ನೇ ನಿಲ್ಲಿಸಬಲ್ಲದು.